ವಡಗಾಂವಿಯಿಂದ ಉದ್ಯಮಬಾಗಕ್ಕೆ ಎರಡು ಬಸ್ಸು ಯಾಕೆ?

ಸೋಮವಾರ ಬೆಳಿಗ್ಗೆ ಬೆಳಗಾವಿಯ ವಡಗಾಂವಿ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಅಕ್ಕ, ಕೈಯಲ್ಲಿ ಬುತ್ತಿ ಚೀಲ, ಉದ್ಯಮಬಾಗದ ಕಾರ್ಖಾನೆಯಲ್ಲಿ ಕೆಲಸವಂತೆ. "ಬಸ್ಸು ಈಗಷ್ಟೇ ಹೋತ್ರಿ, ಇನ್ನ ಅರ್ಧಾ ತಾಸು," ಅಂದರು. ಎರಡೂ ಊರಿನ ದಕ್ಷಿಣಕ್ಕೇ ಇವೆ. ಆದರೂ ಅವರು ದಿನಾ ಮೊದಲು ಉತ್ತರಕ್ಕೆ ಸಿಬಿಟಿಗೆ, ಅಂದರೆ ಊರಿನ ಮುಖ್ಯ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಮತ್ತೆ ಕೆಳಗೆ ಬರುತ್ತಾರೆ.

ನನಗೆ ಇದು ನಿಜವಾಗಿಯೂ ಬೇಸರ ತರಿಸುತ್ತದೆ. ಬೆಳಗಾವಿ ನಾಲ್ಕೂ ಕಡೆ ಬೆಳೆದಿದೆ, ಎಲ್ಲರ ಕೆಲಸವೂ ಪೇಟೆಯಲ್ಲೇ ಇಲ್ಲ. ವಡಗಾಂವಿ, ಅನಗೋಳ, ಉದ್ಯಮಬಾಗ ಸೇರಿಸಿ ಸಿಬಿಟಿ ಮುಟ್ಟದ ಒಂದು ಅಡ್ಡ ಮಾರ್ಗ ಬೇಕೇ ಬೇಕು. ಚಿಕ್ಕ ಬಸ್ಸಾದರೂ ಸಾಕು, ಅಲ್ಲಿನ ಓಣಿಗಳಿಗೆ ಅದೇ ಸರಿ.

ಇನ್ನೊಂದು ಮಾತು. ಅರ್ಧ ಗಂಟೆಗೊಂದು ಬಸ್ಸಿದ್ದರೆ ಸುಮ್ನೆ ಹೋಗಿ ನಿಂತವರು ಸರಾಸರಿ 15 ನಿಮಿಷ ಕಾಯಬೇಕು. 10 ನಿಮಿಷಕ್ಕೊಂದು ಬಂದರೆ 5 ನಿಮಿಷ, ಆಗ ಟೈಮ್ ನೋಡಿಕೊಂಡು ಹೊರಡುವ ಚಿಂತೆಯೇ ಇಲ್ಲ, ಬೈಕ್ ಮನೆಯಲ್ಲೇ ಬಿಟ್ಟು ಬರಬಹುದು ಅಲ್ವಾ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಖರ್ಚು ಉಳಿಯಿತು, ಅದು ದೊಡ್ಡ ಕೆಲಸ. ಈಗ ಅವರ ಸಮಯವೂ ಉಳಿಯಬೇಕು.

ಹುಬ್ಬಳ್ಳಿ-ಧಾರವಾಡದ ಹಾಗೆ ಬಸ್ಸಿಗೇ ಬೇರೆ ದಾರಿ ಮಾಡುವಷ್ಟು ಅಗಲದ ರಸ್ತೆ ನಮ್ಮಲ್ಲಿ ಕಡಿಮೆ. ಸ್ಟಾಪಿಗೊಂದು ನೆರಳು, ಬಸ್ಸಿನ ಸಮಯ ಬರೆದ ಒಂದು ಬೋರ್ಡು, ಇಷ್ಟರಿಂದಲೇ ಶುರು ಮಾಡಬಹುದು. ಆ ಅಕ್ಕ ಅವತ್ತು ಬಿಸಿಲಿಗೆ ಸೆರಗು ಹೊದ್ದು ಅರ್ಧ ತಾಸು ನಿಂತೇ ಇದ್ದರು.