“ನಿನ್ನ ಲ್ಯಾಬ್ ಎಲ್ಲಿ ಅದ?” ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೇಸಿಗೆಯಲ್ಲಿ ಬೀದರಿಗೆ ಬಂದಾಗಲೆಲ್ಲ ಒಂದು ಪ್ರಶ್ನೆ ನನಗಾಗಿ ಕಾದಿರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಚೌಬಾರಾದ ಹತ್ತಿರ ತರಕಾರಿ ಕೊಳ್ಳುವಾಗ. “ಫಿಸಿಕ್ಸ್‌ನಾಗ ರಿಸರ್ಚ್ ಮಾಡ್ತಿ ಅಂತಲ್ಲ ತಂಗಿ, ನಿನ್ನ ಲ್ಯಾಬ್ ಎಲ್ಲಿ ಅದ?” ಲ್ಯಾಬ್ ಇಲ್ಲ, ಹಾಳೆ, ಪೆನ್ಸಿಲ್, ಒಂದು ಕಂಪ್ಯೂಟರ್ ಅಷ್ಟೇ ಅನ್ನುತ್ತೇನೆ. ಆಗ ಎರಡನೇ ಪ್ರಶ್ನೆ ಬರುತ್ತದೆ. “ಹಂಗಾದ್ರ ದಿನಾ ಏನ್ ಮಾಡ್ತಿ?”

ಕೇಳಬೇಕಾದ ಪ್ರಶ್ನೆಯೇ ಇದು. ಅವಸರದಲ್ಲಿ ಏನೋ ಹೇಳಿ ನಾನೇ ಪ್ರತಿ ಸಲ ಕೆಡಿಸಿದ್ದೇನೆ. ಈ ಸಲ ನಿಧಾನವಾಗಿ ಬರೆಯುತ್ತೇನೆ.

ನನ್ನ ಕೆಲಸ ಎಲೆಕ್ಟ್ರಾನುಗಳ ಗುಂಪಿನ ಮೇಲೆ. ಒಂಟಿ ಎಲೆಕ್ಟ್ರಾನ್ ನಮಗೆ ಚೆನ್ನಾಗಿ ಗೊತ್ತು. ಅದು ಹೇಗೆ ನಡೆದುಕೊಳ್ಳುತ್ತದೆ ಅನ್ನುವ ಸಮೀಕರಣವನ್ನು ಶ್ರೋಡಿಂಗರ್ 1926ರಲ್ಲೇ ಬರೆದುಕೊಟ್ಟರು. ಗುಂಪಿಗೂ ಅದೇ ಸಮೀಕರಣ. ಆದರೆ ಎಲೆಕ್ಟ್ರಾನುಗಳು ಒಂದನ್ನೊಂದು ಜೋರಾಗಿ ದೂಡುತ್ತಿದ್ದರೆ ಆ ಸಮೀಕರಣವನ್ನು ಬಿಡಿಸಲು ಆಗುವುದಿಲ್ಲ. ಹಾಗಾದಾಗ ಗುಂಪು ಏನು ಮಾಡುತ್ತದೆ ಎಂದು ಕಂಡುಹಿಡಿಯುವುದೇ ನನ್ನ ದಿನದ ಕೆಲಸ.

ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲಿ ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರಿದ್ದಾರೆ. ಚಿಕ್ಕಂದಿನಿಂದ ಅವರ ಪಕ್ಕ ಕೂತು ನೋಡಿದ್ದೇನೆ. 16 ಪಾಲು ಸತು, 1 ಪಾಲು ತಾಮ್ರ. ಎರಕ ಹೊಯ್ದು, ನಯ ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಕಪ್ಪಾದ ಮೈ ಮೇಲೆ ಸೂಜಿ ಮೊನೆಯಿಂದ ಹೂಬಳ್ಳಿ ಬರೆಯುತ್ತಾರೆ. ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಲೋಹಕ್ಕೆ ತಿಕ್ಕಿದರೆ ಸತು ಗಾಢ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ಈ ಮೂರೂ ಲೋಹಗಳಲ್ಲಿ ಎಲೆಕ್ಟ್ರಾನುಗಳು ಒಂದರ ಗೊಡವೆ ಇನ್ನೊಂದಕ್ಕೆ ಇಲ್ಲ ಅನ್ನುವ ಹಾಗೆ ಓಡಾಡುತ್ತವೆ. ಅಲ್ಲೂ ದೂಡಾಟ ಇದೆ. ಆದರೂ ಒಂದೊಂದನ್ನೇ ಬಿಡಿಯಾಗಿ ಲೆಕ್ಕ ಹಾಕಿದರೆ ಉತ್ತರ ಸರಿ ಬರುತ್ತದೆ. ಅದು ಯಾಕೆ ಸರಿ ಬರುತ್ತದೆ ಎಂದು ಲಾಂಡಾವ್ 1956ರಲ್ಲಿ ವಿವರಿಸಿದರು. ಆದರೆ ಅದೇ ತಾಮ್ರವನ್ನು ಆಮ್ಲಜನಕದ ಜೊತೆ ಕೆಲವು ಹರಳುಗಳಲ್ಲಿ ಕೂರಿಸಿದರೆ ಈ ಲೆಕ್ಕ ಪೂರ್ತಿ ತಪ್ಪುತ್ತದೆ. ಕರೆಂಟ್ ಹರಿಯಬೇಕು ಎಂದು ಲೆಕ್ಕ ಹೇಳುತ್ತದೆ, ಹರಿಯುವುದಿಲ್ಲ. ನಿಕ್ಕಲ್ ಆಕ್ಸೈಡಿನಲ್ಲಿ ಇಂಥದ್ದನ್ನು ಡಿ ಬೋರ್ ಮತ್ತು ಫರ್ವೇ 1937ರಲ್ಲೇ ತೋರಿಸಿದ್ದರು. ಅದಕ್ಕೆ ಕಾರಣ ದೂಡಾಟವೇ ಎಂದು ಅದೇ ವರ್ಷ ಪೈರ್ಲ್ಸ್ ಮತ್ತು ಮಾಟ್ ಹೇಳಿದರು. ಇಂಥ ವಸ್ತುಗಳಿಗೆ ಈಗ ಮಾಟ್ ಹೆಸರೇ ಇದೆ.

ಇದನ್ನು ನಾನು ಮನೆಯಲ್ಲಿ ಹೇಳುವ ರೀತಿ ಹೀಗೆ. ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಸಾಲಾಗಿ ಹೊರಸು ಹಾಕಿ ಮಲಗುತ್ತೇವಲ್ಲ? ಅಗಲ ನೋಡಿದರೆ ಒಂದು ಹೊರಸಿಗೆ ಇಬ್ಬರು ಹಿಡಿಸುತ್ತಾರೆ. ಆದರೆ ಆ ಧಗೆಯಲ್ಲಿ ಒಬ್ಬರೂ ಇನ್ನೊಬ್ಬರನ್ನು ಸೇರಿಸಿಕೊಳ್ಳುವುದಿಲ್ಲ. ಹೊರಸಿಗೆ ಒಬ್ಬರಂತೆ ತುಂಬಿದ ಮೇಲೆ ಯಾರಿಗೂ ಜಾಗ ಬದಲಿಸಲು ಆಗುವುದಿಲ್ಲ. ಇಡೀ ಮಾಳಿಗೆ ಗಪ್ಪಾಗುತ್ತದೆ. ಆ ಹರಳಿನಲ್ಲಿ ತಾಮ್ರದ ಪರಮಾಣುವೇ ಹೊರಸು, ಮಲಗಿದ್ದು ಎಲೆಕ್ಟ್ರಾನ್.

ಇನ್ನೊಂದು ಸಂಗತಿ ಇದೆ. ಎಲೆಕ್ಟ್ರಾನಿಗೆ ಸ್ಪಿನ್ ಅಂತ ಒಂದು ಗುಣ. ಅದನ್ನು ತಲೆ ಹಾಕಿದ ದಿಕ್ಕು ಅಂದುಕೊಳ್ಳಿ. ಒಬ್ಬರು ಮೂಡಣಕ್ಕೆ ತಲೆ ಹಾಕಿದರೆ ಪಕ್ಕದವರಿಗೆ ಪಡುವಣವೇ ಹಿತ. ಚೌಕಾಕಾರದಲ್ಲಿ ಹೊರಸು ಹಾಕಿದ್ದರೆ ಇದು ಸುಲಭ, ಒಂದು ಬಿಟ್ಟು ಒಂದು. ಈಗ ಮೂರು ಹೊರಸನ್ನು ತ್ರಿಕೋನವಾಗಿ ಇಡಿ. ಒಬ್ಬರು ಮೂಡಣ, ಒಬ್ಬರು ಪಡುವಣ, ಮೂರನೆಯವರು? ಯಾವ ಕಡೆ ತಲೆ ಹಾಕಿದರೂ ಇಬ್ಬರಲ್ಲಿ ಒಬ್ಬರ ಜೊತೆ ಹೊಂದುವುದಿಲ್ಲ.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಈ ಮೂರನೆಯವರಿಂದ. 1973ರಲ್ಲಿ ಫಿಲಿಪ್ ಆಂಡರ್ಸನ್ ಒಂದು ಊಹೆ ಮುಂದಿಟ್ಟರು. ಬಹುಶಃ ಯಾರೂ ಒಂದು ದಿಕ್ಕಿಗೆ ನೆಲೆ ನಿಲ್ಲುವುದಿಲ್ಲ. ಇಬ್ಬಿಬ್ಬರು ಜೋಡಿಯಾಗುತ್ತಾರೆ, ಆದರೆ ಯಾರಿಗೆ ಯಾರು ಜೋಡಿ ಎಂಬುದೂ ಗೊತ್ತಾಗಿರುವುದಿಲ್ಲ. ಸಾಧ್ಯವಿರುವ ಜೋಡಣೆಗಳೆಲ್ಲ ಒಟ್ಟಿಗೇ ಇರುತ್ತವೆ. ಎಷ್ಟೇ ತಣ್ಣಗೆ ಮಾಡಿದರೂ ಇದು ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಸ್ಪಿನ್ ದ್ರವ ಎಂದು ಕರೆಯುತ್ತೇವೆ. ಆಂಡರ್ಸನ್ ಆರಿಸಿದ ಸರಳ ತ್ರಿಕೋನ ಜಾಲದಲ್ಲಿ ಊಹೆ ನಿಲ್ಲಲಿಲ್ಲ. ಅಲ್ಲಿ ಮೂವರೂ 120 ಡಿಗ್ರಿ ಓರೆಯಾಗಿ ರಾಜಿಯಾಗುತ್ತಾರೆ ಎಂದು ಮುಂದೆ ಕಂಪ್ಯೂಟರ್ ಲೆಕ್ಕ ತೋರಿಸಿತು. ಊಹೆ ಮಾತ್ರ ಬದುಕಿತು. 1986ರಲ್ಲಿ ಜೂರಿಕ್‌ನಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡಿನಲ್ಲಿ ಸೂಪರ್‌ಕಂಡಕ್ಟಿವಿಟಿ ಕಂಡಾಗ, ಅಂದರೆ ಕರೆಂಟ್ ಒಂಚೂರೂ ತಡೆಯಿಲ್ಲದೆ ಹರಿದಾಗ, ಆಂಡರ್ಸನ್ ಇದೇ ಊಹೆಯನ್ನು ಮತ್ತೆ ಕೈಗೆತ್ತಿಕೊಂಡರು. ಅದನ್ನು ಅವರ ಜೊತೆ ಬೆಳೆಸಿದವರಲ್ಲಿ ನಮ್ಮ ದೇಶದ ಜಿ. ಬಾಸ್ಕರನ್ ಒಬ್ಬರು. ಕೆಲವು ಹೊರಸು ಖಾಲಿಯಾದರೆ ಮಾಳಿಗೆಯಲ್ಲಿ ಓಡಾಟ ಹೇಗೆ ಶುರುವಾಗುತ್ತದೆ ಎಂಬುದೇ ಅಲ್ಲಿನ ಪ್ರಶ್ನೆ. ಎಲ್ಲರೂ ಒಪ್ಪುವ ಉತ್ತರ ಅದಕ್ಕೆ ಇನ್ನೂ ಸಿಕ್ಕಿಲ್ಲ.

ಕಂಪ್ಯೂಟರಿಗೆ ಕೊಟ್ಟುಬಿಡಿ, ಅದು ಬಿಡಿಸುತ್ತದೆ ಅಲ್ವಾ ಎಂದು ಕೇಳುತ್ತಾರೆ. ಹೊರಸಿಗೆ ಎರಡು ದಿಕ್ಕು ಅಂದರೆ 10 ಹೊರಸಿಗೆ 1024 ಬಗೆ. 300 ಹೊರಸಿಗೆ ಬರುವ ಸಂಖ್ಯೆಯಲ್ಲಿ 91 ಅಂಕಿ ಇರುತ್ತವೆ. ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಒಂದು ಚಿಟಿಕೆ ಹರಳಿನಲ್ಲಿ ಎಷ್ಟು ಕೋಟಿ ಕೋಟಿ ಇರುತ್ತವೆ ಯೋಚಿಸಿ. ಏನೂ ಬಿಡದೆ ಲೆಕ್ಕ ಹಾಕುವುದು ಸುಮಾರು 50 ಹೊರಸಿನ ಹತ್ತಿರ ನಿಂತುಬಿಡುತ್ತದೆ.

ಆದ್ದರಿಂದ ಊಹಿಸಬೇಕು. ಸುಮ್ನೆ ಊಹಿಸಿದರೆ ಆಗದು, ನಿಯಮಗಳಿಗೆ ಕಟ್ಟುಬಿದ್ದು ಊಹಿಸಬೇಕು. 1982ರಲ್ಲಿ ಸುಯಿ, ಸ್ಟೋರ್ಮರ್ ಮತ್ತು ಗೊಸಾರ್ಡ್ ಭಾರಿ ಕಾಂತದೊಳಗೆ, ಕೊರೆಯುವ ತಂಪಿನಲ್ಲಿ, ತೆಳ್ಳನೆ ಪದರದ ಎಲೆಕ್ಟ್ರಾನುಗಳಲ್ಲಿ ಕರೆಂಟಿನ ಅಳತೆಯಲ್ಲಿ ಪೂರ್ಣ ಸಂಖ್ಯೆ ಬರುವ ಜಾಗದಲ್ಲಿ ಯಾರೂ ಎಣಿಸದ ಮೂರನೇ ಒಂದು ಎಂಬ ಭಿನ್ನರಾಶಿ ಕಂಡರು. ಮರುವರ್ಷ ಲಾಫ್ಲಿನ್ ಇಡೀ ಗುಂಪಿನ ಸ್ಥಿತಿಯನ್ನು ಒಂದೇ ಸಾಲಿನ ಸೂತ್ರದಲ್ಲಿ ಊಹಿಸಿ ಬರೆದರು. ಆ ಸೂತ್ರದ ಪ್ರಕಾರ ಗುಂಪಿನೊಳಗೆ ಎಲೆಕ್ಟ್ರಾನಿನ ಮೂರನೇ ಒಂದು ಪಾಲು ಚಾರ್ಜ್ ಇರುವ ಕಣ ಓಡಾಡಬೇಕು. ಎಲೆಕ್ಟ್ರಾನ್ ಒಡೆಯುವುದಿಲ್ಲ. ಆದರೂ ಗುಂಪು ಸೇರಿ ಅಂಥದ್ದೊಂದನ್ನು ಹುಟ್ಟಿಸುತ್ತದೆ. 1997ರಲ್ಲಿ ಫ್ರಾನ್ಸ್ ಮತ್ತು ಇಸ್ರೇಲಿನ ಲ್ಯಾಬುಗಳು ಆ ಮೂರನೇ ಒಂದು ಪಾಲನ್ನು ಅಳೆದವು. ನನ್ನ ಉತ್ತರದ ತಿರುಳು ಇದೇ. ಹಾಳೆಯ ಮೇಲೆ ಬರೆದದ್ದನ್ನು ಲ್ಯಾಬು 14 ವರ್ಷದ ನಂತರ ಮುಟ್ಟಿತು. ಚಾಚಾ ಕೂಡ ಸೂಜಿಯಲ್ಲಿ ಬರೆಯದೆ ಉಳಿ ಎತ್ತುವುದಿಲ್ಲ.

ನನ್ನ ದಿನಗಳು ಇಷ್ಟು ದೊಡ್ಡವಲ್ಲ. ಎರಡು ಎಲೆಕ್ಟ್ರಾನುಗಳ ಜಾಗ ಅದಲುಬದಲು ಮಾಡಿದರೆ ಲೆಕ್ಕದಲ್ಲಿ ಒಂದು ಮೈನಸ್ ಬರಬೇಕು. ಒಂದು ವರ್ಷ ಆ ಮೈನಸ್ ಒಂದು ಕಡೆ ಬಿಟ್ಟುಹೋಗಿತ್ತು. ನಾಲ್ಕು ತಿಂಗಳ ಕೆಲಸ, ಫಲಿತಾಂಶ ಬಹಳ ಚೆಂದ, ಪೂರ್ತಿ ತಪ್ಪು. ತಪ್ಪು ಸಿಕ್ಕ ದಿನ ಅತ್ತಿದ್ದೆ. ಮರುದಿನ ಮೊದಲ ಹಾಳೆಯಿಂದ ಶುರು ಮಾಡಿದೆ.

ಕಳೆದ ಮೇ ತಿಂಗಳಲ್ಲಿ ಚಾಚಾಗೆ ಒಂದು ಹಸಿರು ಹರಳಿನ ಫೋಟೋ ತೋರಿಸಿದೆ. ಹೆಸರು ಹರ್ಬರ್ಟ್‌ಸ್ಮಿತೈಟ್. ಚಿಲಿ ದೇಶದಲ್ಲಿ ಸಿಗುವ ಖನಿಜ, 2005ರಿಂದ ಲ್ಯಾಬಿನಲ್ಲೂ ಬೆಳೆಸುತ್ತಾರೆ. ಸ್ಪಿನ್ ದ್ರವ ಇದರಲ್ಲಿ ಇರಬಹುದು ಎಂದು ಬಹಳ ಜನ ಹುಡುಕುತ್ತಿದ್ದಾರೆ. ಇದರಲ್ಲಿರುವುದು ತಾಮ್ರ, ಸತು, ಜೊತೆಗೆ ಕ್ಲೋರಿನ್, ಆಮ್ಲಜನಕ, ಜಲಜನಕ. ತಾಮ್ರ, ಸತು ಅಂದ ಕೂಡಲೇ ಚಾಚಾ ಕನ್ನಡಕ ಹಾಕಿಕೊಂಡರು.

“ಎಷ್ಟಕ್ಕ ಎಷ್ಟು?”

ಮೂರು ತಾಮ್ರಕ್ಕೆ ಒಂದು ಸತು ಅಂದೆ. ಸತುವಿನ ಜಾಗದಲ್ಲಿ ಒಂದಿಷ್ಟು ತಾಮ್ರ ಹೋಗಿ ಕೂತುಬಿಡುತ್ತದೆ, ಅದರಿಂದ ಅಳತೆಗಳನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ ಎಂದೂ ಹೇಳಿದೆ. ಅವರು ತಲೆಯಾಡಿಸಿದರು. ಎರಕದಲ್ಲಿ ಬೆರಕೆ ಎಂಥ ಕಾಟ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ತಾಮ್ರ ಕೂತಿರುವ ಜಾಲವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಮೂಲೆಗೆ ಮೂಲೆ ತಾಗಿದ ತ್ರಿಕೋನಗಳು, ನಡುವೆ ಆರು ಮೂಲೆಯ ಕಣ್ಣು. ಜಪಾನಿನ ಬುಟ್ಟಿ ಹೆಣಿಗೆಯಿಂದ ಇದಕ್ಕೆ ಕಾಗೊಮೆ ಎಂಬ ಹೆಸರು ಬಂದಿದೆ.

ಚಾಚಾ ಪಕ್ಕದಲ್ಲಿದ್ದ ತಟ್ಟೆ ಎಳೆದುಕೊಂಡು ಸೂಜಿಯಲ್ಲಿ ಆ ಜಾಲ ಬರೆಯತೊಡಗಿದರು. ನಡುವೆ ಚೆನ್ನಾಗಿ ಬಂತು. ಅಂಚಿಗೆ ಬಂದಾಗ ತ್ರಿಕೋನಗಳು ಅರ್ಧಕ್ಕೆ ತುಂಡಾದವು. ಸೂಜಿ ನಿಲ್ಲಿಸಿ ಕೇಳಿದರು. “ಅಂಚಿನಾಗ ನೀ ಏನ್ ಮಾಡ್ತಿ?”

ನಮಗೂ ಅದೇ ತೊಂದರೆ ಚಾಚಾ ಅಂದೆ. ಕಂಪ್ಯೂಟರಿನಲ್ಲಿ ಹಿಡಿಸುವ ತುಂಡು ಚಿಕ್ಕದು, ಅಂಚೇ ಜಾಸ್ತಿ. ಅಂಚಿನ ಗಲಾಟೆಯಲ್ಲಿ ನಡುವಿನದ್ದು ಕಾಣುವುದಿಲ್ಲ.

ಅವರು ತಟ್ಟೆ ಬದಿಗಿಟ್ಟು ಹಿಂದಿನ ಗೂಡಿನಿಂದ ಎರಕ ಮಾಡಿಟ್ಟ ಒಂದು ಹೂದಾನಿ ತಂದರು. “ಇದರ ಮ್ಯಾಲ ಬರಿ. ಸುತ್ತು ಹೊಡದು ಬಂದು ಕೂಡ್ತದ, ಅಂಚೇ ಇಲ್ಲ.”

2011ರಲ್ಲಿ ಯಾನ್, ಹ್ಯೂಸ್ ಮತ್ತು ವೈಟ್ ಇದೇ ಜಾಲವನ್ನು ಕೊಳವೆಯ ಹಾಗೆ ಸುತ್ತಿ ಲೆಕ್ಕ ಹಾಕಿದ್ದರು. ಅದು ಸ್ಪಿನ್ ದ್ರವವೇ ಎಂಬ ಕಡೆಗೆ ಅವರ ಉತ್ತರ ಬಂದಿತ್ತು. ಯಾವ ಬಗೆಯ ದ್ರವ ಎಂಬ ವಾದ ಇನ್ನೂ ನಡೆದಿದೆ. ಇದನ್ನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಚಾಚಾ ಹೂದಾನಿ ತಿರುಗಿಸುತ್ತ ಮೊದಲ ತ್ರಿಕೋನ ಬರೆದಾಗಿತ್ತು.