ಉಸಿರಿನ ದೀಪ: ಕೊನೆಯ ಒಂದು ಸೆಕೆಂಡಿಗೆ ಮೂರು ವಾರ

ಅಂತೂ ದೀಪ ಮುಗ್ಗರಿಸುವುದು ನಿಂತಿತು. ನಿನ್ನೆ ರಾತ್ರಿ ಹನ್ನೊಂದಕ್ಕೆ. ಹೊರಗೆ ಧೋ ಮಳೆ, ಕರೆಂಟ್ ಇರಲಿಲ್ಲ. ಖುಷಿಗೆ ನಿದ್ದೆ ಬಾರದೆ ಇದನ್ನು ಬರೆಯಲು ಕೂತೆ.

ಹೊಸಬರಿಗೆ ಎರಡು ಮಾತು. ಇದು ಉಸಿರು ನಿಧಾನ ಮಾಡಿ ಮನಸ್ಸು ಹಗುರ ಮಾಡಿಕೊಳ್ಳಲು ನಾನೇ ಮಾಡಿದ ಎಲ್‌ಇಡಿ ದೀಪ. ಬೆಳಕು 4 ಸೆಕೆಂಡ್ ಏರುತ್ತದೆ, 6 ಸೆಕೆಂಡ್ ಇಳಿಯುತ್ತದೆ. ಏರುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. ನಿಮಿಷಕ್ಕೆ 6 ಉಸಿರು. ಸುಮ್ನೆ ಕೂತಿದ್ದಾಗ ದೊಡ್ಡವರದ್ದು 12ರಿಂದ 20 ಇರುತ್ತದೆ. ಉಸಿರು ಎಳೆಯುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸ ಅದು. ಹಾಗಾಗಿ ಬಿಡುವ ಹೊತ್ತನ್ನು ಉದ್ದ ಮಾಡಿದ್ದೇನೆ. ಮನಸ್ಸಲ್ಲೇ ಎಣಿಸಬಹುದಲ್ವಾ ಅನ್ನಬಹುದು. ತಲೆ ಕೆಟ್ಟಾಗ ಎಣಿಕೆಯೂ ಒಂದು ಕೆಲಸ. ಫೋನ್ ಆಪ್ ನೋಡಿಕೊಂಡು ಮಾಡಿದರೆ ಮೂರನೇ ಉಸಿರಿಗೆ ಮೆಸೇಜ್ ಬರುತ್ತದೆ.

ಬೆಸುಗೆ, ವೈರಿಂಗ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಎಲ್‌ಇಡಿಯದ್ದು ಮಾತ್ರ ಹೇಳಲೇಬೇಕು. 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ವಾರ್ಮ್ ವೈಟ್, ಅಂದರೆ ಹಳದಿ ಛಾಯೆಯ ಬಿಳಿ ಬೇಕು ಅಂತ ಆನ್‌ಲೈನಲ್ಲಿ ಆರ್ಡರ್ ಮಾಡಿದ್ದೆ. ಬಂದಿದ್ದು ಬೆಳ್ಳಗೆ ಕಣ್ಣು ಕುಕ್ಕುವ 6500. ಲೇಬಲ್ ಮೇಲೆ ಮಾತ್ರ 3000 ಅಂತಲೇ ಇದೆ. ದುಡ್ಡು ಹೋದರೆ ಹೋಗಲಿ. ಮಳೆಗಾಲದಲ್ಲಿ ನಮ್ಮೂರಿಗೆ ಪಾರ್ಸೆಲ್ ಬರುವುದೇ ಕಷ್ಟ. ವಾಪಸ್ ಕಳಿಸಿ ಮತ್ತೆ ತರಿಸಲು ಹದಿನೈದು ದಿನ ಹೋಯಿತು, ಅದಕ್ಕೆ ಸಿಟ್ಟು. ಆಮೇಲೆ ಶಿವಮೊಗ್ಗಕ್ಕೆ ಹೋದಾಗ ಅಂಗಡಿಯಲ್ಲೇ ಉರಿಸಿ ನೋಡಿ ಇನ್ನು ನಾಲ್ಕು ತಂದೆ.

ಬೆಳಕು ನೇರ ಕಣ್ಣಿಗೆ ಹೊಡೆಯಬಾರದು ಅಂತ ಅಡಿಕೆ ಹಾಳೆ ಟೊಪ್ಪಿಯೊಂದನ್ನು ಮಗುಚಿ ಇಟ್ಟೆ. ಒಳಗಿನ ನುಣುಪು ಮೈಗೆ ಬಡಿದು ಬೆಳಕು ಬೆಣ್ಣೆ ಬಣ್ಣವಾಗುತ್ತದೆ. ಒಂದೇ ವಾರಕ್ಕೆ ಬೂಸ್ಟು ಹಿಡಿಯಿತು. ಈಗ ಬಚ್ಚಲ ಒಲೆಯ ಮೇಲೆ ಒಣಗಿಸಿದ ಟೊಪ್ಪಿ ಹಾಕಿದ್ದೇನೆ, ಸ್ವಲ್ಪ ಹೊಗೆ ವಾಸನೆ ಇದೆ. ನನಗೆ ಅದೂ ಇಷ್ಟ.

ಇನ್ನು ಅಸಲಿ ಕಷ್ಟಕ್ಕೆ ಬರುತ್ತೇನೆ.

ಮೊದಲು ತೋರಿಸಿದ್ದು ಚಿಕ್ಕಪ್ಪನಿಗೆ. ಈ ಸಲ ಅವರ ಅಡಿಕೆ ತೋಟಕ್ಕೆ ಕೊಳೆರೋಗದ ಭಯ, ಮಳೆಗೆ ಕಾಯಿ ಕೊಳೆತು ಉದುರುವ ರೋಗ ಅದು. ಎರಡನೇ ಸಲ ಔಷಧಿ ಹೊಡೆಸಬೇಕು, ಮಳೆ ಬಿಟ್ಟು ಹೊಳವಾಗುತ್ತಿಲ್ಲ. ಹೊಳವಾದ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರುವುದಿಲ್ಲ. ರಾತ್ರಿ ಎರಡಕ್ಕೆ ಎದ್ದು ಮಾಡಿನ ಮೇಲಿನ ಮಳೆ ಸದ್ದು ಕೇಳುತ್ತಾ ಕೂರುತ್ತಾರೆ. ಹತ್ತು ನಿಮಿಷ ದೀಪದ ಮುಂದೆ ಕೂತು ಹೇಳಿದರು: "ಎಂತ ಮಾರಾಯಾ, ಚೆಂದ ಇಳೀತಾ ಬಂದು ಕೊನೇಲಿ ಮುಗ್ಗರಿಸ್ತದಲ್ಲ ನಿನ್ನ ದೀಪ. ಅಲ್ಲೇ ನಂಗೂ ಉಸಿರು ಕಟ್ತದೆ."

ನನಗೆ ಕಂಡೇ ಇರಲಿಲ್ಲ! ಮತ್ತೆ ನೋಡಿದೆ. ಹೌದು, ಕೊನೆಯಲ್ಲಿ ಬೆಳಕು ಟಕ್ ಟಕ್ ಅಂತ ಮೆಟ್ಟಿಲು ಇಳಿಯುತ್ತದೆ. ಎದೆ ಪೂರ್ತಿ ಸಡಿಲವಾಗಬೇಕಾದ ಜಾಗದಲ್ಲೇ.

ಲೂಸ್ ಕನೆಕ್ಷನ್ ಅಂದುಕೊಂಡು ಎಲ್ಲ ಮತ್ತೆ ಬೆಸೆದೆ. ರೆಸಿಸ್ಟರ್ ಬದಲಿಸಿದೆ. ಕೆಪಾಸಿಟರ್ ಹಾಕಿದೆ. ಏರಿಳಿತ ಕಣ್ಣಿಗೆ ಸಮನಾಗಿ ಕಾಣಲಿ ಅಂತ ಬೆಳಕಿನ ಲೆಕ್ಕದಲ್ಲಿ ಹಾಕಿದ್ದ ಗಾಮಾ ತಿದ್ದುಪಡಿ ತೆಗೆದೆ. ಆಗ ಇನ್ನೂ ಹಾಳು: ಬಹಳ ಹೊತ್ತು ಬೆಳಗಿಯೇ ಇದ್ದಂತೆ ಕಂಡು, ಕೊನೆಗೆ ಒಮ್ಮೆಲೇ ಬೀಳುತ್ತದೆ. ನಮ್ಮ ಕಣ್ಣಿಗೆ ಮಂದ ಬೆಳಕಿನ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದಲ್ಲ. ಮತ್ತೆ ಗಾಮಾ 2.2 ಹಾಕಿದೆ.

ಆಮೇಲೆ ಕೈಯಲ್ಲಿ ಲೆಕ್ಕ ಹಾಕಿದೆ. ದೀಪ ನಡೆಸುವ ಆರ್ಡುಯಿನೋ ಊನೋ ಬೋರ್ಡಿನಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಅನಲಾಗ್‌ರೈಟ್ ಆದೇಶ 8 ಬಿಟ್, ಅಂದರೆ ಬೆಳಕಿಗೆ 256 ಮಟ್ಟ. ಅದಕ್ಕೆ 2.2 ಗಾಮಾ ಹಾಕಿದರೆ, 6 ಸೆಕೆಂಡಿನ ಇಳಿತದ ಕೊನೆಯ 1 ಸೆಕೆಂಡಿಗೆ ಉಳಿಯುವುದು ಬರೀ 5 ಮೆಟ್ಟಿಲು. ಐದೇ! ಚಿಕ್ಕಪ್ಪ ಮುಗ್ಗರಿಸಿದ್ದು ಅಲ್ಲಿ.

ಇಎಸ್‌ಪಿ32 ಅನ್ನುವ ಬೇರೆ ಬೋರ್ಡಿಗೆ ಬದಲಾಯಿಸಿದೆ. ಎಲ್‌ಇಡಿಯನ್ನು ಸೆಕೆಂಡಿಗೆ 5000 ಸಲ (5000 ಹರ್ಟ್ಸ್) ಹೊತ್ತಿಸಿ ಆರಿಸಿದರೂ ಅದರಲ್ಲಿ 13 ಬಿಟ್ ಸಿಗುತ್ತದೆ, 8192 ಮಟ್ಟ. ಅದೇ ಕೊನೆಯ ಸೆಕೆಂಡಿಗೆ ಈಗ ಸುಮಾರು 160 ಮೆಟ್ಟಿಲು. ಜಾರುಬಂಡೆ ಆಯಿತು. ಆದರೂ ಏನೋ ಸರಿಯಿಲ್ಲ. ಪೂರ್ತಿ ಕತ್ತಲಾದ ಕ್ಷಣ ಮನಸ್ಸು "ಕರೆಂಟ್ ಹೋಯ್ತಾ" ಅಂತ ಎದ್ದು ಕೂರುತ್ತದೆ. ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಸೊನ್ನೆಗೆ ಇಳಿಸುವುದನ್ನೇ ಬಿಟ್ಟೆ. ಈಗ 40ನೇ ಮಟ್ಟಕ್ಕೆ ನಿಂತು ಮತ್ತೆ ಏರಲು ತಿರುಗುತ್ತದೆ, ನಂದಾದೀಪದ ಹಾಗೆ. ತಿರುವು ನುಣುಪಾಗಲಿ ಅಂತ ಕೊಸೈನ್ ಅಲೆಯ ಆಕಾರ ಹಾಕಿದ್ದೇನೆ. ಯಾವಾಗ ತಿರುಗಿತು ಅಂತಲೇ ಗೊತ್ತಾಗುವುದಿಲ್ಲ.

ನಡುವೆ ಮುಂದೆ ಮಾಡಬೇಕಾದ ಚಿಂತೆ ಪೆಟ್ಟಿಗೆಯ ಯೋಚನೆಯೂ ಬಂತು. ಹಲಸಿನ ಹಲಗೆಯದ್ದು, ಮೇಲೆ ಚೀಟಿ ಹಾಕುವ ಸೀಳು. ಸಂಜೆ ಆರಕ್ಕೆ ಹದಿನೈದು ನಿಮಿಷ ಮಾತ್ರ ತೆರೆಯಬೇಕು, ಸಣ್ಣ ಸರ್ವೋ (ಹೇಳಿದಷ್ಟೇ ತಿರುಗುವ ಮೋಟಾರ್) ಬೀಗ ಸಾಕು. ದಿನವಿಡೀ ಬರುವ ಚಿಂತೆಯನ್ನು ಚೀಟಿಯಲ್ಲಿ ಬರೆದು ಒಳಗೆ ಹಾಕುವುದು, ಆರಕ್ಕೆ ತೆಗೆದು ಓದುವುದು. ಚಿಂತೆಗೂ ಒಂದು ಹೊತ್ತು ಗೊತ್ತು ಮಾಡುವ ಈ ಅಭ್ಯಾಸವನ್ನು ಒಂದು ತಿಂಗಳಿಂದ ಬರೀ ನೋಟ್‌ಬುಕ್ಕಿನಲ್ಲಿ ಮಾಡುತ್ತಿದ್ದೇನೆ. ಆರಕ್ಕೆ ಓದುವಾಗ ಅರ್ಧ ಚಿಂತೆ ಆಗಲೇ ಹಳೆಯದಾಗಿರುತ್ತದೆ. ಹಲಸಿನ ಹಲಗೆ ಯಾರಲ್ಲಾದರೂ ಮಿಕ್ಕಿದ್ದರೆ ಹೇಳಿ.

ಪಕ್ಕದ ಮನೆ ಅಕ್ಕ, ತನ್ನ ತಮ್ಮನಿಗೂ ಒಂದು ದೀಪ ಮಾಡಿಕೊಡು ಅಂದರು. ಆ ತಮ್ಮನಿಗೆ ಎರಡು ತಿಂಗಳಿಂದ ನಿದ್ದೆ ಇಲ್ಲವಂತೆ, ಊಟವೂ ಸೇರುತ್ತಿಲ್ಲವಂತೆ. ದೀಪ ಕೊಡುತ್ತೇನೆ, ಆದರೆ ಮೊದಲು ಡಾಕ್ಟರಿಗೆ ತೋರಿಸಿ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ, ಕನ್ನಡದಲ್ಲೇ ಮಾತಾಡುತ್ತಾರೆ ಅಂದೆ. ಅದಕ್ಕೆ ದೀಪ ಸಾಲದು.

ಇವತ್ತು ಬೆಳಿಗ್ಗೆ ಚಿಕ್ಕಪ್ಪ ಬಂದು ದೀಪವನ್ನು ಕೊಡೆಯೊಳಗೆ ಅಪ್ಪಿಕೊಂಡು ಹೋದರು. ಸಂಜೆ ಫೋನ್ ಮಾಡಿದ್ದರು. ಕೊನೆಗೌಡ ಇನ್ನೂ ಬಂದಿಲ್ಲವಂತೆ. ಮಧ್ಯಾಹ್ನ ಅದರ ಮುಂದೆ ಕೂತವರು ಹಾಗೇ ಒಂದು ಗಂಟೆ ನಿದ್ದೆ ಮಾಡಿದರಂತೆ. ನನ್ನ ಹತ್ತಿರ ಇನ್ನೆರಡು ವಾರ್ಮ್ ವೈಟ್ ಉಳಿದಿವೆ. ಒಂದು ಅಕ್ಕನ ತಮ್ಮನಿಗೆ, ಒಂದು ನನಗೆ. ಹೊಸ ಹಾಳೆ ಟೊಪ್ಪಿಗಳು ಆಗಲೇ ಒಲೆ ಮೇಲಿವೆ.