ಇಳಿದ ಅಂಚಿನ ಜಗಳ ಮುಗಿಯಿತು

ದೂರದರ್ಶಕದ ಕನ್ನಡಿಯನ್ನು ಕೈಯಾರೆ ಮಾಡುತ್ತಿದ್ದೇನೆ. ಗಾಜನ್ನು ಮೊದಲು ದಪ್ಪ ಪುಡಿಯಿಂದ, ಆಮೇಲೆ ಸಣ್ಣ ಪುಡಿಯಿಂದ ಉಜ್ಜಿ ಗುಳಿ ಮಾಡುವ ಒರಟು ಅರೆತ, ನಯ ಅರೆತಗಳ ಕಥೆ ಬಿಡಿ. ನೇರವಾಗಿ ಜಗಳಕ್ಕೆ ಬರುತ್ತೇನೆ. ಆರು ಇಂಚಿನ ಎಫ್/8 (ಸಂಗಮದೂರ ಅಗಲದ ಎಂಟರಷ್ಟು) ದೂರದರ್ಶಕದ ಕನ್ನಡಿ ಪೂರ್ತಿ ಹೊಳಪು ಪಡೆದಿತ್ತು. ನಡುಭಾಗವೆಲ್ಲ ಗೋಳದ ಒಳಮೈಯಂತೆ ಅಚ್ಚುಕಟ್ಟು. ಆದರೆ ಸಣ್ಣ ಗೆರೆಗಳ ಜಾಲರಿಯ ಮೂಲಕ ಕನ್ನಡಿ ನೋಡುವ ರೊಂಕಿ ಪರೀಕ್ಷೆಯಲ್ಲಿ ನೆಟ್ಟಗೆ ಬರುತ್ತಿದ್ದ ಗೆರೆಗಳು ತುದಿಯಲ್ಲಿ ಮಾತ್ರ ಕೊಕ್ಕೆ ಹಾಕುತ್ತಿದ್ದವು. ಇಳಿದ ಅಂಚು! ಅಂದರೆ ತುದಿ ಬೇಕಾದ್ದಕ್ಕಿಂತ ಹೆಚ್ಚು ಸವೆದಿದೆ.

ಈ ಕೆಲಸದಲ್ಲೇ ತಲೆ ನರೆಸಿಕೊಂಡ ಹಿರಿಯರೊಬ್ಬರು ನೋಡಿ, "ಮತ್ತೆ ನಯ ಅರೆತದಿಂದ ಶುರು ಮಾಡಿ" ಎಂದು ತೀರ್ಪು ಕೊಟ್ಟರು. ಅಂಚು ಏಕೆ ಇಳಿಯಿತೆಂದು ಕೇಳಿದರೆ, "ಹೊಸಬರಿಗೆ ಇಳಿಯುತ್ತದೆ" ಎಂದರು. ಕಾರಣ ತಿಳಿಯದೆ ಮತ್ತೆ ಅರೆದರೆ ಮತ್ತೆ ಇಳಿಯುವುದಿಲ್ಲ ಎಂಬುದಕ್ಕೆ ಏನು ಖಾತರಿ? ಅವರಿಗೆ ಆ ಪ್ರಶ್ನೆ ಹಳತಾಗಿತ್ತು, ನನಗೆ ನಿದ್ದೆ ಬರಲಿಲ್ಲ.

ಕನ್ನಡಿಯನ್ನು ಬದಿಗಿಟ್ಟು ಅದಕ್ಕೆ ಹೊಳಪು ಕೊಡುವ ಲ್ಯಾಪಿನ (ಪಿಚ್ ಎಂಬ ಡಾಂಬರಿನಂಥ ಅಂಟು ಹಾಸಿದ ತಟ್ಟೆಯ) ಮೇಲೆ ಓರೆಯಾಗಿ ಟಾರ್ಚ್ ಹಿಡಿದೆ. ಅಂಚಿನ ಪಿಚ್ ಚೌಕಗಳು ಉಬ್ಬಿಕೊಂಡಿದ್ದವು. ಉಗುರು ಒತ್ತಿದರೆ ಸಲೀಸಾಗಿ ಒಳಗೆ ಹೋಯಿತು. ಪಿಚ್ ಡಬ್ಬದ ಮೇಲೆ "ಗಟ್ಟಿ" ಎಂದು ಅಚ್ಚಾಗಿತ್ತು. ಒಳಗಿದ್ದದ್ದು ಚೂಯಿಂಗ್ ಗಮ್‌ನ ಸೋದರಸಂಬಂಧಿ. ಮಾರಿದವರನ್ನು ಕೇಳಿದರೆ, "ನಿಮ್ಮ ಕೋಣೆಯಲ್ಲಿ ಸೆಕೆ ಹೆಚ್ಚಿರಬೇಕು" ಎಂಬ ಉತ್ತರ. ಆಯಿತು, ತಪ್ಪು ಹವಾಮಾನದ್ದು.

ಕನ್ನಡಿ ಹೊರಗೆ ಸರಿದಾಗ ಮೆತ್ತನೆಯ ಪಿಚ್ ಉಬ್ಬಿ, ಹಿಂದಿರುಗುವಾಗ ಅಂಚನ್ನೇ ಹೆಚ್ಚು ಉಜ್ಜುತ್ತದೆ. ಪಿಚ್ ಕರಗಿಸಿ, ರಾಳ ಬೆರೆಸಿ, ಉಗುರಿಗೆ ಜಗ್ಗದಷ್ಟು ಗಟ್ಟಿ ಮಾಡಿಕೊಂಡೆ. ಮುಂದಿನದು ತಾಳ್ಮೆಯ ಲೆಕ್ಕ: ಸವೆದ ಅಂಚನ್ನು ಯಾರೂ ಮೇಲೆತ್ತಲಾರರು, ಉಳಿದ ಇಡೀ ಮೈಯನ್ನು ಅದರ ಮಟ್ಟಕ್ಕೆ ಇಳಿಸಬೇಕು. ಲ್ಯಾಪಿನ ಮೇಲೆ ಕನ್ನಡಿಯ ಗಿಡ್ಡ ಎಳೆತ, ಹೊಳಪು ಕೊಡುವ ಸೀರಿಯಂ ಆಕ್ಸೈಡ್ ಪುಡಿ, ತಣಿಯಲು ಬಿಡುವುದು, ಮತ್ತೆ ಗಿಡ್ಡ ಎಳೆತ. ಕೊಕ್ಕೆ ದಿನದಿಂದ ದಿನಕ್ಕೆ ಗಿಡ್ಡವಾಗಿ ಕಡೆಗೆ ಮಾಯವಾಯಿತು.

ತಣಿಯಲು ಕಾಯುವಾಗ ಒಂದು ಮಂಗಾಟ ಮಾಡಿ ನೋಡಿ. ಗಾಜಿನ ಮೇಲೆ ಒಂದು ನಿಮಿಷ ಹೆಬ್ಬೆರಳಿಟ್ಟು ತೆಗೆದು, ಕನ್ನಡಿಯಿಂದ ಮರಳುವ ಬೆಳಕನ್ನು ಅಲಗಿನಿಂದ ಕತ್ತರಿಸಿ ಉಬ್ಬುತಗ್ಗು ತೋರಿಸುವ ಫೂಕೋ ಪರೀಕ್ಷೆಯ ಅಲಗಿನ ಹಿಂದೆ ಕಣ್ಣಿಡಿ. ಬೆರಳಿದ್ದ ಕಡೆ ಒಂದು ಗುಡ್ಡ ಎದ್ದಿರುತ್ತದೆ! ಶಾಖಕ್ಕೆ ಹಿಗ್ಗಿದ ಗಾಜು ಅದು, ನೋಡನೋಡುತ್ತಲೇ ಕರಗುತ್ತದೆ. ಒಂದು ಸಂಜೆ ಕೆಲಸವನ್ನೆಲ್ಲ ಬಿಟ್ಟು ಗುಡ್ಡ ಎಬ್ಬಿಸುತ್ತ ಕುಳಿತಿದ್ದೆ. ಬಿಸಿಗಾಳಿಯ ಕಾಟ ತಪ್ಪಿಸಿಕೊಂಡು ಕನ್ನಡಿ ಪರೀಕ್ಷಿಸಲು ಕ್ಲೈಡ್ ಟಾಂಬೊ ಹೊಲದಲ್ಲಿ ನೆಲಮಾಳಿಗೆಯನ್ನೇ ತೋಡಿದ್ದು ಏಕೆಂದು ಆಗ ಅರ್ಥವಾಯಿತು. ಆತ ಆಗಿನ್ನೂ ಕಾಲೇಜು ಕಂಡಿರದ ರೈತರ ಮಗ. ಸ್ವಂತ ದೂರದರ್ಶಕದಿಂದ ಬಿಡಿಸಿದ ಗ್ರಹಗಳ ಚಿತ್ರಗಳನ್ನು ಅಮೆರಿಕದ ಲೊವೆಲ್ ವೀಕ್ಷಣಾಲಯಕ್ಕೆ ಕಳಿಸಿ ಕೆಲಸ ಪಡೆದ. 1930ರಲ್ಲಿ ಪ್ಲೂಟೊ ಕಂಡುಹಿಡಿದ.

ಅಂದಹಾಗೆ, ಹಳೆಯ ಡಿವಿಡಿಗಳನ್ನು ಎಸೆಯಬೇಡಿ. ಅವುಗಳ ಸುರುಳಿಗೆರೆಗಳ ನಡುವೆ 0.74 ಮೈಕ್ರಾನ್ ಅಂತರ. ಪದರ ಬಿಡಿಸಿ ಸೀಳುಕಿಂಡಿಯ ಪೆಟ್ಟಿಗೆಯಲ್ಲಿ ಕೂರಿಸಿದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ. ಸೋಡಿಯಂ ಬೆಳಕಿನ ಹಳದಿ ಜೋಡಿಗೆರೆಯ ತರಂಗಾಂತರ 589.0 ಮತ್ತು 589.6 ನ್ಯಾನೊಮೀಟರ್, ಅವೆರಡನ್ನೂ ಬೇರ್ಪಡಿಸಿ ನೋಡುವ ಹಟ ಈಗಾಗಲೇ ಹಿಡಿದಿದೆ. ಪೆಟ್ಟಿಗೆ ಅರ್ಧ ಕತ್ತರಿಸಿದ್ದೂ ಆಗಿದೆ. ಗೋಳದ ಕನ್ನಡಿಗೆ ಕೊನೆಯ ಪ್ಯಾರಾಬೊಲಾ ಆಕಾರ ಕೊಡುವುದು ಬಾಕಿ ಇದೆಯಲ್ಲ ಎಂದು ನೆನಪಿಸಬೇಡಿ, ನಾಳೆ ಅದೇ ಕೆಲಸ.